ಲಾನ್ ಮೂವರ್ ಸ್ಟಾರ್ಟ್ ಆಗ್ತಿಲ್ಲವೇ? ಮೊದಲು ಪೆಟ್ರೋಲ್ ಮೂಸಿ ನೋಡಿ

ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಇಳಿಯುತ್ತಿದ್ದಂತೆ ಲಾನ್‌ಗೆ ನೀರು ಬಿಡುವುದು ನಿಲ್ಲುತ್ತದೆ, ಮೂವರ್ ಶೆಡ್ಡಿನ ಮೂಲೆ ಸೇರುತ್ತದೆ. ಮೇ ತಿಂಗಳಲ್ಲಿ ನಾಲ್ಕು ಮಳೆ ಬಿದ್ದದ್ದೇ ತಡ, ಹುಲ್ಲು ಎದ್ದು ನಿಲ್ಲುತ್ತದೆ. ಮೂವರ್ ಹೊರಗೆಳೆದರೆ ಎಂಜಿನ್ ಕೆಮ್ಮುವುದೂ ಇಲ್ಲ. ಹಗ್ಗ ಎಳೆದೂ ಎಳೆದೂ ತೋಳು ಸೋತ ಮೇಲೆ ಮಾಲಿಯ ತೀರ್ಪು ಹೊರಬೀಳುತ್ತದೆ: 'ಎಂಜಿನ್ ಹೋಗಿದೆ ಸಾರ್.' ಎಂಜಿನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹೋಗಿರುವುದು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಕೂತ ಪೆಟ್ರೋಲ್, ಅದರ ಜೊತೆಗೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್‌ನ ಕೂದಲೆಳೆಯಷ್ಟು ಸಣ್ಣ ತೂತು.

ಇಲ್ಲಿ ಹೇಳುತ್ತಿರುವುದು ಹಿಂದೆ ನಿಂತು ತಳ್ಳುವ, ಕೆಳಗೆ ಬ್ಲೇಡ್ ತಿರುಗುವ, 140ರಿಂದ 200 ಸಿ.ಸಿ.ವರೆಗಿನ ಫೋರ್ ಸ್ಟ್ರೋಕ್ ಪೆಟ್ರೋಲ್ ಮೂವರ್ ಬಗ್ಗೆ. ಅಪಾರ್ಟ್‌ಮೆಂಟ್, ರೆಸಾರ್ಟ್, ಶಾಲೆ ಮೈದಾನ, ಎಸ್ಟೇಟ್ ಬಂಗಲೆಗಳಲ್ಲಿ ಇರುವುದು ಹೆಚ್ಚಾಗಿ ಹೋಂಡಾ ಜಿಸಿವಿ, ಬ್ರಿಗ್ಸ್ ಅಂಡ್ ಸ್ಟ್ರಾಟನ್, ಇಲ್ಲವೇ ಅವುಗಳ ಮಾದರಿಯ ಚೀನಾ ಎಂಜಿನ್. ಅಳತೆಗಳು ಸ್ವಲ್ಪ ಆಚೀಚೆ ಆದರೂ ಕೆಡುವ ಬಗೆ ಎಲ್ಲದರಲ್ಲೂ ಒಂದೇ.

ಒಂದು ನಿಯಮಕ್ಕೆ ಮಾತ್ರ ರಿಯಾಯಿತಿ ಇಲ್ಲ. ಮೂವರ್ ಕೆಳಗೆ ಕೈ ಹಾಕುವ ಮುಂಚೆ ಸ್ಪಾರ್ಕ್ ಪ್ಲಗ್ ಮೇಲೆ ಕೂರುವ ವೈರಿನ ತುದಿಯ ಟೋಪಿಯನ್ನು, ಅಂದರೆ ಪ್ಲಗ್ ಕ್ಯಾಪನ್ನು, ಕಿತ್ತು ದೂರ ಸರಿಸಿ. ಎಂಜಿನ್ ಆಫ್ ಇದ್ದರೂ ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಪಿಸ್ಟನ್ ಕಂಪ್ರೆಷನ್ (ಪೆಟ್ರೋಲ್-ಗಾಳಿಯನ್ನು ಒತ್ತಿ ಹಿಡಿಯುವ ಹಂತ) ದಾಟುತ್ತದೆ. ಒಂದು ಕಿಡಿ ಸಿಕ್ಕಿದರೆ ಸಾಕು, ಬೆರಳು ಉಳಿಯುವುದಿಲ್ಲ. 53 ಸೆಂ.ಮೀ. ಬ್ಲೇಡ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದರ ತುದಿಯ ವೇಗ ಗಂಟೆಗೆ ಸುಮಾರು 300 ಕಿ.ಮೀ. ಈ ಲೆಕ್ಕ ತಲೆಯಲ್ಲಿದ್ದರೆ ಜಲ್ಲಿಕಲ್ಲಿನ ಮೇಲೆ ಮೂವರ್ ಓಡಿಸುವ ಧೈರ್ಯವೂ ಯಾರಿಗೂ ಬರುವುದಿಲ್ಲ.

ಹಗ್ಗ ಎಳೆಯುವ ಮುಂಚೆ

ಹ್ಯಾಂಡಲ್‌ಗೆ ಸೇರಿಸಿ ಹಿಡಿಯುವ ಲಿವರ್ ಪೂರ್ತಿ ಒತ್ತಿದೆಯೇ? ಅದನ್ನು ಬಿಟ್ಟರೆ ಎಂಜಿನ್ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ, ಬ್ರೇಕ್ ಬೀಳುತ್ತದೆ, ಕಿಡಿಯೂ ನಿಲ್ಲುತ್ತದೆ. ಅದರ ಕೇಬಲ್ ಸಡಿಲವಾಗಿದ್ದರೆ ನೀವು ಒತ್ತಿ ಹಿಡಿದರೂ ಎಂಜಿನ್ ಕಡೆ ಬ್ರೇಕ್ ಬಿಟ್ಟಿರುವುದಿಲ್ಲ. ಹಗ್ಗ ಬಿಗಿಯಾಗಿ ಬರುತ್ತಿದೆ, ಕಿಡಿ ಇಲ್ಲ ಎಂದರೆ ಈ ಕೇಬಲ್ಲನ್ನೇ ಮೊದಲು ನೋಡಿ. ಆಮೇಲೆ ಪೆಟ್ರೋಲ್ ಕಾಕ್ ಆನ್ ಇದೆಯೇ, ತಣ್ಣಗಿನ ಎಂಜಿನ್‌ಗೆ ಚೋಕ್ ಹಾಕಿದ್ದೀರಾ, ಪ್ರೈಮರ್ ಗುಂಡಿ ಇರುವ ಮಾದರಿಯಾದರೆ ಮೂರು ಸಲ ಒತ್ತಿದ್ದೀರಾ ನೋಡಿ. ಗುಂಡಿಯ ರಬ್ಬರ್ ಬಿರುಕು ಬಿಟ್ಟಿದ್ದರೆ ಎಷ್ಟು ಒತ್ತಿದರೂ ಬರೀ ಗಾಳಿ.

ಈಗ ಪೆಟ್ರೋಲ್. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ. ಹೊಸ ಪೆಟ್ರೋಲ್ ಮೂಗಿಗೆ ಚುರುಕಾಗಿ ಹೊಡೆಯುತ್ತದೆ. ಕೆಟ್ಟದ್ದು ಹಳೇ ವಾರ್ನಿಶ್‌ನಂತೆ, ಸ್ವಲ್ಪ ಹುಳಿಯಾಗಿ ನಾರುತ್ತದೆ, ಬಣ್ಣವೂ ಕಪ್ಪಿಡುತ್ತದೆ. ಅನುಮಾನ ಬಂದರೆ ಟ್ಯಾಂಕಿನ ತಳದಿಂದ ಸ್ವಲ್ಪ ಗಾಜಿನ ಬಾಟಲಿಗೆ ಇಳಿಸಿ, ಅಲುಗಾಡಿಸದೆ ಹದಿನೈದು ನಿಮಿಷ ಇಡಿ. ತಳದಲ್ಲಿ ಬೇರೆ ಪದರ ನಿಂತು ಮಧ್ಯೆ ಗೆರೆ ಕಂಡರೆ ಆ ಪೆಟ್ರೋಲಿಗೆ ನೀರು ಸೇರಿದೆ.

ನೀರು ಎಲ್ಲಿಂದ ಬಂತು ಎಂದು ಮಾಲಿಯನ್ನು ಬೈಯಬೇಡಿ. ಈಗ ದೇಶದ ಬಂಕುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲ್. 2030ಕ್ಕೆ ಮುಟ್ಟಬೇಕಿದ್ದ ಈ ಗುರಿಯನ್ನು ಸರ್ಕಾರ ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ದಿನಾ ಓಡುವ ಸ್ಕೂಟರಿನಲ್ಲಿ ಟ್ಯಾಂಕು ವಾರದೊಳಗೆ ಖಾಲಿಯಾಗುವುದರಿಂದ ಅದು ಗೊತ್ತಾಗುವುದಿಲ್ಲ. ಮೂವರ್ ಹಾಗಲ್ಲ, ಅರ್ಧ ಟ್ಯಾಂಕ್ ಪೆಟ್ರೋಲ್, ಮೇಲೆ ಅರ್ಧ ಟ್ಯಾಂಕ್ ಗಾಳಿ, ಮುಚ್ಚಳದಲ್ಲಿ ಉಸಿರಾಡುವ ತೂತು, ಜೊತೆಗೆ ಮಲೆನಾಡಿನ ಅಥವಾ ಕರಾವಳಿಯ ಜೂನ್ ತಿಂಗಳ ಹವೆ. ಹೀರಿದ ನೀರು ಒಂದು ಮಟ್ಟ ದಾಟಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕಿಳಿಯುತ್ತವೆ. ಕಾರ್ಬುರೇಟರ್‌ಗೆ ಹೋಗುವ ಪೈಪ್ ಇರುವುದೂ ತಳದಲ್ಲೇ.

ಸಣ್ಣ ಎಂಜಿನ್‌ಗಳ ಕೈಪಿಡಿ ತೆಗೆದು ನೋಡಿ, ಬಹುತೇಕ ಎಲ್ಲದರಲ್ಲೂ ಎಥನಾಲ್ ಶೇ. 10 ಮೀರಬಾರದು ಎಂದಿರುತ್ತದೆ. ಇ20 ಹಾಕಿದ ತಕ್ಷಣ ಎಂಜಿನ್ ಸುಟ್ಟುಹೋಗುತ್ತದೆ ಎಂದು ಹೆದರಬೇಕಿಲ್ಲ. ಓಡುವಾಗ ಆಗುವ ತೊಂದರೆಗಿಂತ ನಿಂತಾಗ ಆಗುವುದೇ ಹೆಚ್ಚು: ಕಾರ್ಬುರೇಟರ್ ಬಟ್ಟಲಿನಲ್ಲಿ ಬಿಳಿ ಪುಡಿ, ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ಜೆಟ್ ಮೇಲೆ ಹಸಿರು ಕಿಲುಬು, ಹಳೇ ರಬ್ಬರ್ ಪೈಪು ಉಬ್ಬಿ ಮೆತ್ತಗಾಗುವುದು. ನನ್ನ ಲೆಕ್ಕದಲ್ಲಿ ಪರಿಹಾರ ಯಾವ ಬಾಟಲಿಯ ಔಷಧಿಯಲ್ಲೂ ಇಲ್ಲ. ಎರಡು ವಾರದಲ್ಲಿ ಖರ್ಚಾಗುವಷ್ಟೇ ಪೆಟ್ರೋಲ್ ತನ್ನಿ, ಕ್ಯಾನ್ ಮೇಲೆ ತಾರೀಕು ಬರೆಯಿರಿ. ಮೂವರ್ ಮೂರು ವಾರಕ್ಕಿಂತ ಹೆಚ್ಚು ನಿಲ್ಲುವುದಿದ್ದರೆ ಟ್ಯಾಂಕ್ ಮತ್ತು ಬಟ್ಟಲು ಎರಡನ್ನೂ ಖಾಲಿ ಮಾಡಿ.

ಶೆಡ್ಡಿನಲ್ಲಿ ಬ್ರಷ್ ಕಟರ್ ಕೂಡ ಇದ್ದರೆ ಇನ್ನೊಂದು ಗೋಜಲು. ಟೂ ಸ್ಟ್ರೋಕ್ ಬ್ರಷ್ ಕಟರ್‌ಗೆ ಪೆಟ್ರೋಲಿನಲ್ಲಿ 2ಟಿ ಆಯಿಲ್ ಬೆರೆಸಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ., 40ಕ್ಕೆ 1 ಎಂದಿದ್ದರೆ 25 ಮಿ.ಲೀ. ಫೋರ್ ಸ್ಟ್ರೋಕ್ ಮೂವರ್‌ಗೆ ಬರೀ ಪೆಟ್ರೋಲ್. ಬೆರಕೆ ಪೆಟ್ರೋಲ್ ಮೂವರ್‌ಗೆ ಬಿದ್ದರೆ ಹೊಗೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಅಷ್ಟೆ. ಉಲ್ಟಾ ಆಗಿ ಬರೀ ಪೆಟ್ರೋಲ್ ಟೂ ಸ್ಟ್ರೋಕ್ ಬ್ರಷ್ ಕಟರ್‌ಗೆ ಬಿದ್ದರೆ ಪಿಸ್ಟನ್ ಜಾಮ್ ಆಗಿ ಎಂಜಿನ್ ನಿಜಕ್ಕೂ ಹೋಗುತ್ತದೆ. ಎರಡು ಬಣ್ಣದ ಕ್ಯಾನ್ ಇಡುವುದಕ್ಕೆ ಯಾಕೆ ಜಿಪುಣತನವೋ ಗೊತ್ತಿಲ್ಲ.

ಪ್ಲಗ್ ಏನು ಹೇಳುತ್ತದೆ

ಹೊಸ ಪೆಟ್ರೋಲ್ ಹಾಕಿಯೂ ಐದಾರು ಎಳೆತಕ್ಕೆ ಹತ್ತದಿದ್ದರೆ ಎಳೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಪ್ಲಗ್ ಬಿಚ್ಚಿ. ಜಿಸಿವಿ 160ರಲ್ಲಿ ಇರುವ ಬಿಪಿಆರ್6ಇಎಸ್ ಪ್ಲಗ್‌ಗೆ 21 ಮಿ.ಮೀ. ಬಾಕ್ಸ್ ಸ್ಪ್ಯಾನರ್ ಬೇಕು. ಮನೆಯಲ್ಲಿರುವ ಸ್ಕೂಟರ್ ಪ್ಲಗ್ ಸ್ಪ್ಯಾನರ್ ಇದಕ್ಕೆ ಕೂರುವುದಿಲ್ಲ, ಸ್ಕೂಟರಿನ ಸಣ್ಣ ಪ್ಲಗ್ಗೂ ಈ ತೂತಿಗೆ ಆಗುವುದಿಲ್ಲ. ನೋಡಲು ಹೋಲುವ ಇನ್ಯಾವುದೋ ಪ್ಲಗ್ ತಂದು ತಿರುಗಿಸಿದರೆ ತೂತಿನ ಅಲ್ಯೂಮಿನಿಯಂ ಥ್ರೆಡ್ ಹಾಳಾಗುತ್ತದೆ, ಇಲ್ಲವೇ ಉದ್ದ ಹೆಚ್ಚಾಗಿ ಒಳಗೆ ತಾಗುತ್ತದೆ.

ಪ್ಲಗ್ ತುದಿ ಒದ್ದೆಯಾಗಿದೆಯೋ ಒಣಗಿದೆಯೋ ಎಂಬುದೇ ಮುಖ್ಯ ಸಾಕ್ಷಿ. ಒದ್ದೆಯಿದ್ದರೆ ಪೆಟ್ರೋಲ್ ಒಳಗೆ ಬರುತ್ತಿದೆ. ತಪ್ಪಿರುವುದು ಕಿಡಿ, ಅಥವಾ ಚೋಕ್ ಹಾಕಿಯೇ ತುಂಬಾ ಎಳೆದು ಓವರ್‌ಫ್ಲೋ ಆಗಿದೆ. ಪ್ಲಗ್ ಒರೆಸಿ, ಚೋಕ್ ತೆಗೆದು, ಪ್ಲಗ್ ಇಲ್ಲದೆ ನಾಲ್ಕೈದು ಸಲ ನಿಧಾನ ಹಗ್ಗ ಎಳೆದು ಸಿಲಿಂಡರ್ ಒಣಗಿಸಿ. ಆಗ ಪ್ಲಗ್ ಕ್ಯಾಪ್ ಆ ತೂತಿನಿಂದ ದೂರವಿರಲಿ. ತುದಿ ಒಣಗಿದ್ದರೆ ಪೆಟ್ರೋಲ್ ಸಿಲಿಂಡರ್ ಮುಟ್ಟಿಯೇ ಇಲ್ಲ, ಕಾರ್ಬುರೇಟರ್ ಕಡೆ ಹೋಗಿ. ಖಚಿತ ಮಾಡಿಕೊಳ್ಳಲು ಪ್ಲಗ್ ತೂತಿನೊಳಗೆ ಅರ್ಧ ಟೀ ಚಮಚ ಹೊಸ ಪೆಟ್ರೋಲ್ ಬಿಟ್ಟು, ಪ್ಲಗ್ ಹಾಕಿ ಎಳೆಯಿರಿ. ಎರಡು ಕ್ಷಣ ಗುಡುಗಿ ನಿಂತರೆ ಕಿಡಿ, ಕಂಪ್ರೆಷನ್ ಎರಡೂ ಸರಿ ಇವೆ ಎಂದಾಯಿತು. ಉಳಿದದ್ದು ಕಾರ್ಬುರೇಟರ್ ಮಾತ್ರ.

ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪ್‌ಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್‌ನ ಬಣ್ಣವಿಲ್ಲದ ಭಾಗಕ್ಕೆ ತಾಗಿಸಿ, ಲಿವರ್ ಒತ್ತಿ ಹಿಡಿದು ಎಳೆಯಬೇಕು. ಪ್ಲಗ್ ತೂತಿನ ಬಾಯಿಗೆ ಬಟ್ಟೆ ತುರುಕಿರಿ, ಚೆಲ್ಲಿದ ಪೆಟ್ರೋಲ್ ಒರೆಸಿರಿ. ನೆರಳಿನಲ್ಲಿ ನೋಡಿದರೆ ನೀಲಿ ಕಿಡಿ ಚಟಪಟ ಎನ್ನುವುದು ಕಾಣುತ್ತದೆ. ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ. ಹೊಸ ಪ್ಲಗ್‌ನಲ್ಲೂ ಕಿಡಿ ಬರದಿದ್ದರೆ ಕಿಡಿಗೆ ಕರೆಂಟ್ ಹುಟ್ಟಿಸುವ ಕಾಯಿಲ್‌ಗೆ ಹೋಗುವ ಸಣ್ಣ ಸ್ಟಾಪ್ ವೈರನ್ನು ಬಿಚ್ಚಿ ಮತ್ತೆ ನೋಡಿ. ಈಗ ಬಂತೆಂದರೆ ತಪ್ಪು ಲಿವರ್ ಸ್ವಿಚ್ಚಿನಲ್ಲಿ ಅಥವಾ ಸಿಪ್ಪೆ ಸುಲಿದು ಬಾಡಿಗೆ ತಾಗುವ ಆ ವೈರಿನಲ್ಲಿದೆ; ಇಲಿ ಕಡಿದದ್ದೂ ಇರಬಹುದು. ವೈರ್ ಬಿಚ್ಚಿದ ಸ್ಥಿತಿಯಲ್ಲಿ ಎಂಜಿನ್ ಓಡಿಸಬೇಡಿ, ಲಿವರ್ ಬಿಟ್ಟರೂ ಕಿಡಿ ನಿಲ್ಲುವುದಿಲ್ಲ. ಆಗಲೂ ಕಿಡಿ ಇಲ್ಲದಿದ್ದರೆ ಕಾಯಿಲ್. ಅದಕ್ಕೂ ಫ್ಲೈವೀಲ್ ಮ್ಯಾಗ್ನೆಟ್‌ಗೂ ನಡುವೆ ಮಾದರಿಗೆ ತಕ್ಕಂತೆ 0.25ರಿಂದ 0.4 ಮಿ.ಮೀ. ಸಂದು, ಅಂದರೆ ಹೆಚ್ಚುಕಮ್ಮಿ ಒಂದು ವಿಸಿಟಿಂಗ್ ಕಾರ್ಡ್‌ನ ದಪ್ಪ. ಕಾರ್ಡ್ ಇಟ್ಟು, ಮ್ಯಾಗ್ನೆಟ್ ಕಾಯಿಲನ್ನು ಎಳೆದುಕೊಂಡಾಗ ಎರಡು ಬೋಲ್ಟ್ ಬಿಗಿದು, ಕಾರ್ಡ್ ಎಳೆದು ತೆಗೆಯಿರಿ.

ಕಾರ್ಬುರೇಟರ್

ಬಹಳಷ್ಟು ಮೂವರ್‌ಗಳ ಕಾಯಿಲೆ ಇಲ್ಲೇ ಇರುವುದರಿಂದ ಇದನ್ನು ನಿಧಾನವಾಗಿ ನೋಡೋಣ.

ಮೊದಲು ಅರ್ಧ ಕೆಲಸ. ಕಾಕ್ ಮುಚ್ಚಿ, ಕಾರ್ಬುರೇಟರ್ ಕೆಳಗೆ ಒಂದು ಪಾತ್ರೆಯಿಟ್ಟು, ತಳದ ಬೋಲ್ಟ್ ಬಿಚ್ಚಿ. ಹೋಂಡಾದಲ್ಲಿ ಇದು 10 ಮಿ.ಮೀ. ಕಾರ್ಬುರೇಟರ್‌ನ ಬಟ್ಟಲು ಕೈಗೆ ಬರುತ್ತದೆ. ಅದರೊಳಗೆ ಏನಿದೆ ನೋಡಿ: ಗುಳ್ಳೆಗುಳ್ಳೆಯಾಗಿ ಉರುಳುವ ನೀರು, ಕಂದು ಅಂಟು, ಬಿಳಿ ಹುಡಿ. ಒರೆಸಿ ಶುಚಿ ಮಾಡಿ. ಕಾಕ್ ಒಂದು ಕ್ಷಣ ತೆರೆದರೆ ಪೆಟ್ರೋಲ್ ಧಾರೆಯಾಗಿ ಸುರಿಯಬೇಕು; ತೊಟ್ಟಿಕ್ಕಿದರೆ ಟ್ಯಾಂಕಿನ ಜಾಲರಿ ಅಥವಾ ಪೈಪು ಕಟ್ಟಿದೆ. ಬಟ್ಟಲಿನೊಳಗೆ ತೇಲುವ ಫ್ಲೋಟನ್ನು ಬೆರಳಿಂದ ಎತ್ತಿದಾಗ ಹರಿವು ನಿಲ್ಲಬೇಕು. ನಿಲ್ಲದಿದ್ದರೆ ಫ್ಲೋಟ್ ಏರಿದಾಗ ಪೆಟ್ರೋಲ್ ದಾರಿ ಮುಚ್ಚುವ ಸೂಜಿಯ ತುದಿ ಸವೆದಿದೆ ಅಥವಾ ಅದರ ಸೀಟಿನಲ್ಲಿ ಕಸ ಕೂತಿದೆ.

ಬಟ್ಟಲು ಬಿಚ್ಚಿದಾಗ ನಡುವೆ ಇಳಿಬಿದ್ದ ಕಂಬದೊಳಗೆ ಹಿತ್ತಾಳೆಯ ಮೈನ್ ಜೆಟ್ ಇರುತ್ತದೆ. ಸರಿಯಾದ ಅಗಲದ ಸ್ಕ್ರೂಡ್ರೈವರ್‌ನಿಂದ ಬಿಚ್ಚಬೇಕು, ಇಲ್ಲವಾದರೆ ಅದರ ಗೀರು ಕಿತ್ತುಹೋಗುತ್ತದೆ. ಅದರ ಮೇಲೆ, ಮೈಯೆಲ್ಲ ಸಣ್ಣ ತೂತುಗಳಿರುವ ನಳಿಕೆಯೊಂದು ಕೂತಿರುತ್ತದೆ. ಜೆಟ್ ಬಿಚ್ಚಿ ಮೆಲ್ಲಗೆ ತಟ್ಟಿದರೆ ಕೆಳಕ್ಕೆ ಜಾರಿ ಬೀಳುತ್ತದೆ. ಜೆಟ್ಟನ್ನು ಬೆಳಕಿಗೆ ಹಿಡಿಯಿರಿ. ತೂತು ಪೂರ್ತಿ ಗುಂಡಗೆ ಕಾಣಬೇಕು. ಅರ್ಧಚಂದ್ರ ಕಂಡರೂ ಅದು ಕಟ್ಟಿಕೊಂಡಿದೆ. ಬಿಡಿಸಲು ಸೂಜಿ ಬೇಡ, ಗುಂಡುಪಿನ್ ಬೇಡ, ಅವು ತೂತನ್ನು ಅಗಲ ಮಾಡುತ್ತವೆ. ಹಳೇ ವೈರಿನಿಂದ ತಾಮ್ರದ ಒಂದೇ ಎಳೆ ತೆಗೆದು ಆಡಿಸಿ, ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಹಳೆಯ ಬ್ರಿಗ್ಸ್ ಕಾರ್ಬುರೇಟರ್‌ಗಳಲ್ಲಿ ಬಟ್ಟಲಿನ ಬೋಲ್ಟೇ ಜೆಟ್. ಅದರ ಅಡ್ಡಕ್ಕಿರುವ ಸಣ್ಣ ತೂತನ್ನು ನೋಡದೆ ಬೋಲ್ಟ್ ಒರೆಸಿ ಮತ್ತೆ ಹಾಕಿದರೆ ಮಾಡಿದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಇಷ್ಟಕ್ಕೇ ನಿಲ್ಲಿಸುವುದು ಗ್ಯಾರೇಜಿನವರ ಸಾಮಾನ್ಯ ತಪ್ಪು. ಎಂಜಿನ್ ಹತ್ತುತ್ತದೆ, ಆದರೆ ಊಂ... ಊಂ... ಎಂದು ರೇಸ್ ಏರಿ ಇಳಿದು ಏರಿ ಇಳಿದು ಓಡುತ್ತದೆ. ಜನರೇಟರ್ ಮೆಕ್ಯಾನಿಕ್‌ಗಳು ಇದನ್ನೇ ಹಂಟಿಂಗ್ ಎನ್ನುವುದು. ಆಗ ಕೆಲವರು ಎಂಜಿನ್ ವೇಗವನ್ನು ಹದದಲ್ಲಿಡುವ ಗವರ್ನರ್‌ನ ಸ್ಪ್ರಿಂಗ್ ಎಳೆದು ಬಗ್ಗಿಸಿ ಸರಿ ಮಾಡಲು ಹೋಗುತ್ತಾರೆ. ಆ ಸ್ಪ್ರಿಂಗ್ ಮುಟ್ಟಲೇಬೇಡಿ. ಬದಲಿಗೆ ಓಡುತ್ತಿರುವಾಗ ಚೋಕನ್ನು ಅರ್ಧ ಹಾಕಿ ನೋಡಿ. ಸದ್ದು ಸಮವಾದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಅಂದರೆ ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿದೆ ಅಥವಾ ಕಾರ್ಬುರೇಟರ್ ಮತ್ತು ಸಿಲಿಂಡರ್ ನಡುವಿನ ಪ್ಯಾಕಿಂಗ್‌ನಲ್ಲಿ ಗಾಳಿ ಎಳೆಯುತ್ತಿದೆ. ಜಿಸಿವಿ 160ರಲ್ಲಿ ಪೈಲಟ್ ಜೆಟ್ ಇರುವುದು ಐಡಲ್ ಸ್ಕ್ರೂ ಕೆಳಗೆ, ಪ್ಲಾಸ್ಟಿಕ್ ತಲೆಯ ಸಣ್ಣ ತುಂಡು. ಸ್ಕ್ರೂ ಎಷ್ಟು ಸುತ್ತು ಒಳಗಿದೆ ಎಂದು ಎಣಿಸಿಕೊಂಡು ಬಿಚ್ಚಿ, ಪ್ಲಾಸ್ಟಿಕ್ ತುಂಡನ್ನು ಮೇಲಕ್ಕೆ ಮೀಟಿದರೆ ಅದು ಬರುತ್ತದೆ. ಇದರ ತೂತು ಮೈನ್ ಜೆಟ್‌ಗಿಂತ ಬಹಳ ಸಣ್ಣದು. ತಾಮ್ರದ ಎಳೆಯೂ ತೂರದಿದ್ದರೆ ರಾತ್ರಿಯಿಡೀ ಕ್ಲೀನರ್‌ನಲ್ಲಿ ನೆನೆಸಿ, ಬೆಳಿಗ್ಗೆ ಪಂಕ್ಚರ್ ಅಂಗಡಿಯ ಏರ್ ಹೊಡೆಸಿ. ಕಣ್ಣಿಗೆ ಕನ್ನಡಕ ಇರಲಿ, ಕ್ಲೀನರ್ ಹನಿ ಕಣ್ಣಿಗೆ ಸಿಡಿದರೆ ಬೆಂಕಿ ಬಿದ್ದಂತಾಗುತ್ತದೆ. ಇ20ಯಲ್ಲಿ ಮಿಶ್ರಣ ಮೊದಲೇ ಸ್ವಲ್ಪ ತೆಳುವಾಗುವುದರಿಂದ, ಹಿಂದೆ ನಡೆದುಹೋಗುತ್ತಿದ್ದ ಅರೆಕಟ್ಟಿದ ಪೈಲಟ್ ಜೆಟ್ ಈಗ ಹಂಟಿಂಗ್ ಆಗಿ ಬೇಗ ಹೊರಬೀಳುತ್ತದೆ.

ಕಾರ್ಬುರೇಟರನ್ನೇ ಪೂರ್ತಿ ಇಳಿಸುವುದಾದರೆ ಮೊದಲು ಮೊಬೈಲಿನಲ್ಲಿ ಎರಡು ಬದಿಯ ಫೋಟೊ ತೆಗೆಯಿರಿ. ಗವರ್ನರ್‌ನ ಸಪೂರ ಕಡ್ಡಿ ಯಾವ ತೂತಿನಲ್ಲಿತ್ತು, ಸ್ಪ್ರಿಂಗ್ ಯಾವುದರಲ್ಲಿತ್ತು ಎಂಬುದು ಅರ್ಧ ಗಂಟೆಯ ಬಳಿಕ ಯಾರಿಗೂ ನೆನಪಿರುವುದಿಲ್ಲ. ಪ್ಯಾಕಿಂಗ್‌ಗಳು, ನಡುವಿನ ಕಪ್ಪು ಇನ್ಸುಲೇಟರ್ ಬಂದ ಕ್ರಮದಲ್ಲೇ ಕಾಗದದ ಮೇಲೆ ಸಾಲಾಗಿ ಇಡಿ. ಪ್ಯಾಕಿಂಗ್ ತಿರುಗುಮುರುಗಾದರೆ ಅದರ ತೂತು ಮುಚ್ಚಿಹೋಗಿ ಹೊಸ ಕಾಯಿಲೆ ಶುರು.

ಕಾರ್ಬುರೇಟರ್‌ನಿಂದ ಪೆಟ್ರೋಲ್ ಸೋರುತ್ತಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ತಟ್ಟಿ, ಅಂಟಿದ ಸೂಜಿ ಕೆಲವೊಮ್ಮೆ ಬಿಡುತ್ತದೆ. ಬಿಟ್ಟರೂ ಅಲ್ಲಿಗೆ ಮುಗಿಯಲಿಲ್ಲ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ನೋಡಿ. ಆಯಿಲ್ ಮಟ್ಟ ಏರಿದ್ದು, ಪೆಟ್ರೋಲ್ ವಾಸನೆ ಬಂದರೆ ರಾತ್ರಿಯೆಲ್ಲ ಸೋರಿದ ಪೆಟ್ರೋಲ್ ಸಿಲಿಂಡರ್ ಮೂಲಕ ಆಯಿಲ್ ಇರುವ ಕ್ರ್ಯಾಂಕ್‌ಕೇಸಿಗೆ ಇಳಿದಿದೆ. ಆ ನೀರು ನೀರು ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಜಾಗಗಳು ಸವೆಯುತ್ತವೆ. ಆಯಿಲ್ ಪೂರ್ತಿ ಬದಲಿಸಿಯೇ ಹಗ್ಗ ಎಳೆಯಿರಿ. ದಿನದ ಕೆಲಸ ಮುಗಿದ ಮೇಲೆ ಕಾಕ್ ಮುಚ್ಚುವ ಅಭ್ಯಾಸ ಇದ್ದರೆ ಈ ತಾಪತ್ರಯವೇ ಇಲ್ಲ.

ಹತ್ತು ನಿಮಿಷ ಓಡಿ ನಿಲ್ಲುವುದು

ಚೆನ್ನಾಗಿ ಹತ್ತುತ್ತದೆ, ಹತ್ತು ಹದಿನೈದು ನಿಮಿಷ ಕೊಯ್ಯುತ್ತದೆ, ಆಮೇಲೆ ದಮ್ಮು ಕಟ್ಟಿದಂತೆ ನಿಲ್ಲುತ್ತದೆ. ತಣ್ಣಗಾದ ಮೇಲೆ ಮತ್ತೆ ಹತ್ತುತ್ತದೆ. ಇದಕ್ಕೆ ಕಾರಣ ಎರಡರಲ್ಲಿ ಒಂದು, ಬೇರ್ಪಡಿಸುವುದು ಸುಲಭ. ನಿಂತ ಮರುಕ್ಷಣ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಪುಸ್ ಎಂದು ಗಾಳಿ ಒಳಹೋಗಿ, ತಕ್ಷಣ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ನಮ್ಮಲ್ಲಿ ಇದನ್ನು ಮುಚ್ಚುವುದು ಧೂಳು ಮಾತ್ರವಲ್ಲ, ಕುಂಬಾರ ಹುಳ ಕೂಡ. ಶೆಡ್ಡಿನಲ್ಲಿ ನಿಂತ ಮೂವರ್‌ನ ಯಾವ ಸಂದನ್ನೂ ಅದು ಬಿಡುವುದಿಲ್ಲ. ಸೈಲೆನ್ಸರ್ ಬಾಯಿಯಲ್ಲೂ ಮಣ್ಣು ಮೆತ್ತಿರುತ್ತದೆ, ಮಳೆಗಾಲಕ್ಕೆ ಮುಂಚೆ ಟಾರ್ಚ್ ಬಿಟ್ಟು ನೋಡಿ. ಮುಚ್ಚಳ ಸಡಿಲಿಸಿದರೂ ಹತ್ತದಿದ್ದರೆ, ಎಂಜಿನ್ ಬಿಸಿ ಇರುವಾಗಲೇ ಕಿಡಿ ನೋಡಿ. ಬಿಸಿಯಲ್ಲಿ ಇಲ್ಲ, ತಣ್ಣಗಾದಾಗ ಇದೆ ಎಂದರೆ ಕಾಯಿಲ್ ಬದಲಿಸಬೇಕು, ಅದಕ್ಕೆ ರಿಪೇರಿ ಇಲ್ಲ.

ಮೂರನೆಯದೂ ಒಂದಿದೆ, ಹೆಚ್ಚಾಗಿ ಕಡೆಗಣಿಸುವುದು. ಹಗ್ಗದ ಕವರ್ ಕೆಳಗೆ ಸಿಲಿಂಡರ್ ಸುತ್ತ ಇರುವ ಗೆರೆಗೆರೆ ರೆಕ್ಕೆಗಳಲ್ಲಿ ಒಣ ಹುಲ್ಲಿನ ಪುಡಿ ಗಟ್ಟಿಯಾಗಿ ಕೂತು ಗಾಳಿಯಾಡದೆ ಎಂಜಿನ್ ಕಾಯುತ್ತದೆ. ಕವರ್ ಬಿಚ್ಚಿ, ಒಣ ಬ್ರಷ್‌ನಿಂದ ತೆಗೆಯಿರಿ. ನೀರು ಹೊಡೆಯಬೇಡಿ, ಅದು ಕಾಯಿಲ್‌ಗೂ ಏರ್ ಫಿಲ್ಟರ್‌ಗೂ ಹೋಗುತ್ತದೆ.

ಹೊಗೆ, ಆಯಿಲ್, ಫಿಲ್ಟರ್

ಕಪ್ಪು ಹೊಗೆ ಎಂದರೆ ಗಾಳಿ ಕಡಿಮೆ. ಚೋಕ್ ಪೂರ್ತಿ ತೆರೆದಿಲ್ಲ ಅಥವಾ ಫಿಲ್ಟರ್ ಕಟ್ಟಿದೆ. ಸ್ಪಂಜಿನ ಫಿಲ್ಟರ್ ಆದರೆ ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒಂದೆರಡು ಚಮಚ ಎಂಜಿನ್ ಆಯಿಲ್ ಹಾಕಿ ಚೆನ್ನಾಗಿ ಹಿಂಡಿ ಹಾಕಿ. ಕಾಗದದ ಫಿಲ್ಟರನ್ನು ನೆಲಕ್ಕೆ ಮೆಲ್ಲಗೆ ತಟ್ಟಬಹುದು, ಅಷ್ಟೇ. ತೊಳೆಯುವುದೂ ಇಲ್ಲ, ಆಯಿಲ್ ಹಾಕುವುದೂ ಇಲ್ಲ.

ನೀಲಿ ಮಿಶ್ರಿತ ಬಿಳಿ ಹೊಗೆ ದಟ್ಟವಾಗಿ ಬಂದರೆ ಆಯಿಲ್ ಸುಡುತ್ತಿದೆ. ಗಾಬರಿಪಡುವ ಮುಂಚೆ, ಬ್ಲೇಡ್ ನೋಡಲೆಂದು ಮೂವರನ್ನು ತಪ್ಪು ಬದಿಗೆ ಮಲಗಿಸಿದ್ದರೇ ಎಂದು ವಿಚಾರಿಸಿ. ಮಲಗಿಸುವಾಗ ಏರ್ ಫಿಲ್ಟರ್ ಮತ್ತು ಕಾರ್ಬುರೇಟರ್ ಯಾವಾಗಲೂ ಮೇಲ್ಭಾಗಕ್ಕೇ ಬರಬೇಕು. ಕೆಳಗಾದರೆ ಎಂಜಿನ್‌ನ ಆಯಿಲ್ ಏರ್ ಫಿಲ್ಟರಿಗೆ ಇಳಿದು ಸ್ಪಂಜು ನೆನೆದು ಎಂಜಿನ್ ಉಸಿರುಗಟ್ಟುತ್ತದೆ. ಹಾಗಾಗಿದ್ದರೆ ಫಿಲ್ಟರ್ ಶುಚಿ ಮಾಡಿ, ಆಯಿಲ್ ಮಟ್ಟ ನೋಡಿ, ಬಯಲಿನಲ್ಲಿ ಐದು ನಿಮಿಷ ಓಡಿಸಿ, ಹೊಗೆ ತಾನಾಗಿ ಕರಗುತ್ತದೆ. ನಿಲ್ಲದಿದ್ದರೆ ಆಯಿಲ್ ಹೆಚ್ಚಾಗಿದೆಯೋ ಎಂದು ನೋಡಿ. ಜಿಸಿವಿ 160ಕ್ಕೆ ಬೇಕಾದ್ದು 0.55 ಲೀಟರ್ ಮಾತ್ರ. ಒಂದು ಲೀಟರ್ ಡಬ್ಬಿ ತಂದು ಮಿಕ್ಕಿದ್ದು ಯಾಕೆ ಉಳಿಸಬೇಕೆಂದು ಪೂರ್ತಿ ಸುರಿಯುವವರಿದ್ದಾರೆ. ಅಳೆಯುವ ಕ್ರಮದಲ್ಲೂ ವ್ಯತ್ಯಾಸವಿದೆ: ಹೋಂಡಾದಲ್ಲಿ ಡಿಪ್‌ಸ್ಟಿಕ್ಕನ್ನು ತಿರುಗಿಸದೆ ಸುಮ್ಮನೆ ಇಳಿಸಿ ನೋಡಬೇಕು, ಬ್ರಿಗ್ಸ್‌ನಲ್ಲಿ ಪೂರ್ತಿ ಬಿಗಿದು ತೆಗೆದು ನೋಡಬೇಕು. ಎಸ್‌ಎಇ 10ಡಬ್ಲ್ಯೂ-30 ಫೋರ್ ಸ್ಟ್ರೋಕ್ ಆಯಿಲ್ ನಮ್ಮ ಹವೆಗೆ ಸಾಕು. ಹೊಸ ಎಂಜಿನ್‌ನಲ್ಲಿ ಮೊದಲ 5 ಗಂಟೆಗೆ, ಆಮೇಲೆ ಪ್ರತಿ 50 ಗಂಟೆಗೆ ಬದಲಿಸಿ. ಎಲ್ಲ ಸರಿಯಿದ್ದೂ ನೀಲಿ ಹೊಗೆ ದಿನವೂ ಬಂದರೆ ರಿಂಗ್ ಸವೆದಿದೆ, ಅದು ಬೆಂಚಿನ ಮೇಲೆ ಬಿಚ್ಚುವ ಕೆಲಸ.

ಕಲ್ಲಿಗೆ ಬಡಿದ ಮೇಲೆ

ಸ್ಪ್ರಿಂಕ್ಲರ್ ತಲೆಗೋ ಬೇರಿಗೋ ಚಪ್ಪಡಿ ಅಂಚಿಗೋ ಬ್ಲೇಡ್ ಬಡಿದು ಎಂಜಿನ್ ಠಪ್ ಎಂದು ನಿಂತಿತು. ಆಮೇಲೆ ಪೆಟ್ರೋಲ್ ಇದೆ, ಕಿಡಿ ಇದೆ, ಆದರೂ ಹತ್ತುವುದಿಲ್ಲ. ಎಳೆದರೆ ಹಗ್ಗ ಕೈಯಿಂದ ಜಗ್ಗಿ ಕಿತ್ತುಕೊಳ್ಳುತ್ತದೆ, ಕಾರ್ಬುರೇಟರ್‌ನಲ್ಲಿ ಪಟಾಕಿ ಸದ್ದು ಬರುತ್ತದೆ. ಇದು ಫ್ಲೈವೀಲ್ ಕೀ ಕತ್ತರಿಸಿದ ಲಕ್ಷಣ. ಫ್ಲೈವೀಲನ್ನು ಕ್ರ್ಯಾಂಕ್‌ನ ಮೇಲೆ ಸರಿಯಾದ ಜಾಗದಲ್ಲಿ ಹಿಡಿದಿಡುವ ಆ ಸಣ್ಣ ತುಂಡು ಬ್ರಿಗ್ಸ್ ಎಂಜಿನ್‌ಗಳಲ್ಲಿ ಮೆದು ಲೋಹದ್ದು. ಅದು ಅರ್ಧ ಕತ್ತರಿಸಿದರೂ ಫ್ಲೈವೀಲ್ ಕೂದಲೆಳೆ ಜರುಗಿ ಕಿಡಿ ತಪ್ಪು ಹೊತ್ತಿಗೆ ಬೀಳುತ್ತದೆ. ಕವರ್ ತೆಗೆದು, ಫ್ಲೈವೀಲ್ ನಟ್ ಬಿಚ್ಚಿ ಮೇಲಿನಿಂದ ನೋಡಿದರೆ ಎರಡು ಗೀರುಗಳು ನೇರ ನೇರ ಇಲ್ಲದ್ದು ಕಾಣುತ್ತದೆ. ಹೊಸ ಕೀಯನ್ನು ಅದೇ ಕಂಪನಿಯದ್ದೇ ಹಾಕಿ. ಗಟ್ಟಿಯಿರಲಿ ಎಂದು ಲೇತ್‌ನಲ್ಲಿ ಸ್ಟೀಲ್ ಕೀ ಮಾಡಿಸಿ ಹಾಕಿದರೆ ಮುಂದಿನ ಏಟಿಗೆ ಕ್ರ್ಯಾಂಕ್ ಶಾಫ್ಟ್ ಅಥವಾ ಫ್ಲೈವೀಲೇ ಹಾಳಾಗಬಹುದು. ಫ್ಲೈವೀಲನ್ನು ಸುತ್ತಿಗೆಯಿಂದ ಬಡಿದು ತೆಗೆಯಬೇಡಿ, ಪುಲ್ಲರ್ ಬಳಸಿ.

ಜೊತೆಗೇ ಶಾಫ್ಟ್ ಬಾಗಿದೆಯೋ ನೋಡಬೇಕು. ಪ್ಲಗ್ ಕ್ಯಾಪ್ ತೆಗೆದು, ಮೂವರ್ ಓರೆಮಾಡಿ, ದಪ್ಪ ಕೈಗವಸು ಹಾಕಿಕೊಂಡು ಬ್ಲೇಡಿನ ಒಂದು ತುದಿ ಅದನ್ನು ಮುಚ್ಚಿರುವ ಹೊದಿಕೆಯ, ಅಂದರೆ ಡೆಕ್‌ನ, ಅಂಚಿನಿಂದ ಎಷ್ಟು ಕೆಳಗಿದೆ ಎಂದು ಅಳೆಯಿರಿ. ಅರ್ಧ ಸುತ್ತು ತಿರುಗಿಸಿ ಅದೇ ಜಾಗದಲ್ಲಿ ಇನ್ನೊಂದು ತುದಿ ಅಳೆಯಿರಿ. 3 ಮಿ.ಮೀ. ಮೀರಿ ವ್ಯತ್ಯಾಸ ಬಂದರೆ ಬ್ಲೇಡ್ ಅಥವಾ ಶಾಫ್ಟ್ ಬಾಗಿದೆ. ಹೊಸ ಬ್ಲೇಡ್ ಹಾಕಿಯೂ ವ್ಯತ್ಯಾಸ ಉಳಿದರೆ ಶಾಫ್ಟ್. ಬಾಗಿದ ಬ್ಲೇಡನ್ನು ಬಡಿದು ನೇರ ಮಾಡಿಸಿ ಹಾಕುವ ಉಳಿತಾಯ ಬೇಡ, ಬಿರುಕು ಬಿಟ್ಟ ತುಂಡು ಯಾವ ದಿಕ್ಕಿಗೆ ಹಾರುತ್ತದೆಂದು ಹೇಳಲಾಗದು.

ಓಡುತ್ತದೆ, ಹುಲ್ಲು ಮಾತ್ರ ಕೊಯ್ಯುವುದಿಲ್ಲ

ಹುಲ್ಲಿನ ತುದಿ ಎರಡೇ ದಿನದಲ್ಲಿ ಕಂದಿದರೆ ಬ್ಲೇಡ್ ಮೊಂಡು. ಅದು ಕತ್ತರಿಸುತ್ತಿಲ್ಲ, ಹರಿಯುತ್ತಿದೆ. ಅರದಿಂದಲೇ ಮಸೆಯಬಹುದು, ಮೂಲ ಓರೆ ಸುಮಾರು 30 ಡಿಗ್ರಿ. ಗ್ರೈಂಡರ್ ಹಿಡಿದರೆ ಅಂಚು ನೀಲಿಗಟ್ಟದಂತೆ ನಡುನಡುವೆ ನೀರಿಗೆ ಅದ್ದಿ, ನೀಲಿಯಾದರೆ ಹದ ಹೋಯಿತು. ಕ್ಷೌರದ ಬ್ಲೇಡಿನಷ್ಟು ಚೂಪು ಬೇಡ, ಮೊದಲ ಮರಳಿಗೇ ಅದು ಮುರಿಯುತ್ತದೆ. ಮಸೆದ ಮೇಲೆ ಗೋಡೆಗೆ ಹೊಡೆದ ಮೊಳೆಗೆ ಬ್ಲೇಡಿನ ನಡು ತೂತು ಸಿಕ್ಕಿಸಿ. ಯಾವ ಕಡೆ ಇಳಿಯುತ್ತದೋ ಆ ಕಡೆ ಇನ್ನಷ್ಟು ಮಸೆಯಿರಿ. ಇದನ್ನು ಬಿಟ್ಟರೆ ಮೂವರ್ ನಡುಗಿ ಹ್ಯಾಂಡಲ್ ಬೋಲ್ಟುಗಳೆಲ್ಲ ಸಡಿಲವಾಗುತ್ತವೆ. ಹಾಕುವಾಗ ಬ್ಲೇಡಿನ ಎತ್ತರದ ರೆಕ್ಕೆ ಡೆಕ್ ಕಡೆಗೆ, ಮೇಲಕ್ಕೆ ಇರಬೇಕು. ಉಲ್ಟಾ ಹಾಕಿ 'ಹೊಸ ಬ್ಲೇಡೂ ಕೊಯ್ಯಲ್ಲ' ಎನ್ನುವ ದೂರು ತೀರ ಸಾಮಾನ್ಯ.

ಒದ್ದೆ ಹುಲ್ಲಿನಲ್ಲಿ ಡೆಕ್ ಒಳಗೆ ಮೆತ್ತಿದ ಗೊಬ್ಬರದಂಥ ಪದರ ಗಾಳಿಯ ಸುಳಿಯನ್ನೇ ಕೊಲ್ಲುತ್ತದೆ. ಹುಲ್ಲು ಎದ್ದು ನಿಲ್ಲದೆ ಮಲಗಿಬಿಡುತ್ತದೆ, ಬ್ಯಾಗ್ ತುಂಬುವುದಿಲ್ಲ. ಮರದ ಪಟ್ಟಿಯಿಂದ ಕೆರೆದು ತೆಗೆಯಿರಿ. ಮೆಕ್ಸಿಕನ್ ಹುಲ್ಲಿನಂಥ ಒತ್ತೊತ್ತು ಲಾನ್‌ನಲ್ಲಿ ಎಂಜಿನ್ ಮುಕ್ಕರಿಸಿ ನಿಲ್ಲುತ್ತಿದ್ದರೆ ಎಂಜಿನ್‌ನ ತಪ್ಪಿಲ್ಲ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗ ಮೀರಿ ಕೊಯ್ಯಬೇಡಿ. ಮಳೆಗೆ ಎದ್ದು ನಿಂತದ್ದನ್ನು ಮೊದಲು ಗಾಲಿ ಎತ್ತರಿಸಿ ಒಮ್ಮೆ, ಎರಡು ದಿನ ಬಿಟ್ಟು ಇಳಿಸಿ ಇನ್ನೊಮ್ಮೆ.

ತಾನೇ ಮುಂದೆ ಹೋಗುವ ಮಾದರಿಯಲ್ಲಿ ಗಾಲಿ ತಿರುಗದಿದ್ದರೆ ಮೊದಲು ಕ್ಲಚ್ ಕೇಬಲ್ ಬಿಗಿ ಮಾಡಿ, ಆಮೇಲೆ ಬೆಲ್ಟ್ ನೋಡಿ. ಹಗ್ಗ ತುಂಡಾದರೆ ಅದೇ ದಪ್ಪದ, ಅದೇ ಉದ್ದದ ಹೆಣೆದ ನೈಲಾನ್ ಹಗ್ಗ ತಂದು ತುದಿಯನ್ನು ಬೆಂಕಿಕಡ್ಡಿಯಲ್ಲಿ ಕರಗಿಸಿ ಹಾಕಿ.

ಮತ್ತೆ ಶೆಡ್ಡಿಗೆ ಸೇರಿಸುವಾಗ: ಟ್ಯಾಂಕ್ ಬಸಿದು, ಬಟ್ಟಲಿನಲ್ಲಿ ಉಳಿದದ್ದು ಮುಗಿಯುವತನಕ ಓಡಿಸಿ ತಾನಾಗಿ ನಿಲ್ಲಲು ಬಿಡಿ, ನಿಂತ ಮೇಲೆ ಬಟ್ಟಲಿನ ಬೋಲ್ಟ್ ಸಡಿಲಿಸಿ ಕೊನೆಯ ಹನಿಯನ್ನೂ ಇಳಿಸಿ. ಪ್ಲಗ್ ತೂತಿಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು, ಎರಡು ಸಲ ನಿಧಾನ ಹಗ್ಗ ಎಳೆದು, ಪ್ಲಗ್ ಹಾಕಿ. ಕೊನೆಗೆ ಹಗ್ಗ ಬಿಗಿಯಾಗುವ ಜಾಗದಲ್ಲಿ ನಿಲ್ಲಿಸಿದರೆ ಎರಡೂ ವಾಲ್ವ್ ಮುಚ್ಚಿರುತ್ತವೆ, ತೇವ ಒಳಗಿಳಿಯುವುದಿಲ್ಲ. ಬಸಿದ ಪೆಟ್ರೋಲನ್ನು ಅದೇ ದಿನ ಬೈಕಿಗೆ ಸುರಿದುಬಿಡಿ. ಎರಡು ಪದರ ಕಂಡಿದ್ದರೆ ಬೈಕಿಗೂ ಬೇಡ.